ಶಾಸ್ತ್ರ ಸುಮ್ಮನಿದ್ದಲ್ಲಿ

ಯಾವ ಧರ್ಮದ ಗ್ರಂಥವೂ ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದಿಲ್ಲ. ಲೋಕ ಯಾಕೆ ಹುಟ್ಟಿತು, ಸತ್ತವರು ಏನಾಗುತ್ತಾರೆ, ಏನೂ ತಪ್ಪು ಮಾಡದ ಕೂಸಿಗೆ ಯಾಕೆ ಬೇನೆ ಬಂತು ಎಂಬಲ್ಲಿಗೆ ಬಂದಾಗ ಗ್ರಂಥ ಒಂದಕ್ಕೊಂದು ಕೂಡದ ಎರಡು ಮಾತು ಆಡುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ನಾಸದೀಯ ಸೂಕ್ತ ಸೃಷ್ಟಿಯ ಬಗ್ಗೆ ಮಾತಾಡುತ್ತ ಹೋಗಿ, ಇದರ ಮೂಲ ಮೇಲಿರುವವನಿಗಾದರೂ ಗೊತ್ತೋ ಇಲ್ಲವೋ ಎಂಬ ಅನುಮಾನದಲ್ಲಿ ನಿಲ್ಲುತ್ತದೆ. ಬೈಬಲಿನ ಯೋಬನ ಪುಸ್ತಕದಲ್ಲಿ ದೇವರು ಬಿರುಗಾಳಿಯ ಒಳಗಿಂದ ಬಹಳ ಹೊತ್ತು ಮಾತಾಡುತ್ತಾನೆ. ತನಗೇಕೆ ಈ ಕಷ್ಟ ಎಂದು ಯೋಬ ಕೇಳಿದ್ದನ್ನು ಮಾತ್ರ ಮುಟ್ಟುವುದಿಲ್ಲ. ಗ್ರಂಥವನ್ನು ದೇವರ ಮಾತು ಎಂದು ನಂಬಿದವರಿಗೆ ಇದು ಸಣ್ಣ ತೊಡಕಲ್ಲ. ಇಲ್ಲದ ಉತ್ತರವನ್ನು ಎಳೆದು ತಂದು ಅಂಟಿಸುವುದು ಒಂದು ದಾರಿ. ಉತ್ತರವಿಲ್ಲದ ಮೇಲೆ ಗ್ರಂಥವೂ ಬೇಡ, ದೇವರೂ ಬೇಡ ಎಂದು ಎದ್ದು ಹೋಗುವುದು ಇನ್ನೊಂದು. ಈ ಎರಡನ್ನೂ ಬಿಟ್ಟು ನಡೆದವರನ್ನು ನೋಡಬೇಕೆಂದರೆ ಯಾದಗಿರಿ ಜಿಲ್ಲೆಯಂಥ ನೆಲ ಸಿಗುವುದು ಕಡಿಮೆ. ಕೃಷ್ಣೆ ಮತ್ತು ಭೀಮೆಯ ನಡುವೆ ಬಿದ್ದಿರುವ ಶಹಾಪುರ, ಸುರಪುರ ಸೀಮೆಯಲ್ಲಿ ಬೌದ್ಧರು, ಶರಣರು, ಸೂಫಿಗಳು, ಕಾಲಜ್ಞಾನಿಗಳು ಒಬ್ಬರಾದ ಮೇಲೊಬ್ಬರು ಬಂದು ಇದೇ ತೊಡಕನ್ನು ಬೇರೆ ಬೇರೆ ರೀತಿ ಎದುರಿಸಿದ್ದಾರೆ.

ಹೀಗೆ ಮಾಡಬೇಕೋ ಮಾಡಬಾರದೋ ಎಂಬ ಪ್ರಶ್ನೆ ಬಂದಾಗ ಶಾಸ್ತ್ರ ಸುಮ್ಮನಿದ್ದರೆ ಕಷ್ಟ ಅಷ್ಟು ದೊಡ್ಡದಲ್ಲ. ಮನುಸ್ಮೃತಿ ಧರ್ಮಕ್ಕೆ ನಾಲ್ಕು ಮೂಲ ಹೇಳುತ್ತದೆ: ವೇದ, ಸ್ಮೃತಿ, ಸಜ್ಜನರ ನಡವಳಿಕೆ, ತನ್ನ ಮನಸ್ಸಿಗೆ ಒಪ್ಪಿದ್ದು. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಕುರ್‌ಆನ್ ಮತ್ತು ಹದೀಸಿನ ಆಚೆ ವಿದ್ವಾಂಸರ ಒಮ್ಮತಕ್ಕೆ ಇಜ್ಮಾ ಎಂದೂ, ಹೋಲಿಕೆಯಿಂದ ತೀರ್ಮಾನಕ್ಕೆ ಬರುವುದಕ್ಕೆ ಖಿಯಾಸ್ ಎಂದೂ ಹೆಸರಿದೆ. ಊರಿನವರ ಮಾತಿನಲ್ಲಿ ಇದೆಲ್ಲಕ್ಕೂ ಒಂದೇ ಉತ್ತರ: ಹಿರೇರು ಮಾಡಿಕೊಂಡು ಬಂದಾರ, ನಾವೂ ಮಾಡತೀವಿ. ಅಪಾಯ ಇರುವುದು ಇಲ್ಲೇ. ಶಾಸ್ತ್ರ ಸುಮ್ಮನಿರುವ ಕಡೆ ರೂಢಿ ಶಾಸ್ತ್ರದ ದನಿ ತೆಗೆದು ಮಾತಾಡುತ್ತದೆ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ. ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊರಟಾಗ ಹರಕೆ ಹೊತ್ತವರು ಅದರ ಮೇಲೆ ಜೀವಂತ ಕುರಿಮರಿ ಎಸೆಯುತ್ತಿದ್ದರು. ಎಸೆಯಿರಿ ಎಂದು ಯಾವ ಪುರಾಣವೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಜಿಲ್ಲಾಡಳಿತ ನಿಷೇಧ ಹಾಕಿ, ಜಾತ್ರೆಗೆ ಬರುವ ದಾರಿಗಳಲ್ಲೇ ಮರಿಗಳನ್ನು ತಡೆದು ಇಟ್ಟುಕೊಳ್ಳತೊಡಗಿತು. ಮಲ್ಲಯ್ಯನ ಮೇಲಿನ ಭಕ್ತಿ ಅದರಿಂದ ಕಡಿಮೆಯಾಗಲಿಲ್ಲ. ಜನ ಭಂಡಾರ ಹಾರಿಸಿಯೇ ಹರಕೆ ತೀರಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದಾಗಲೂ ಸರಕಾರ ಎದುರಿಸಬೇಕಾದದ್ದು ಗ್ರಂಥವನ್ನಲ್ಲ, ಗ್ರಂಥದ ಹೆಸರಿನಲ್ಲಿ ನಡೆದು ಬಂದ ರೂಢಿಯನ್ನು.

ಏನು ನಿಜ ಎಂದು ಕೇಳಿದಾಗ ಬರುವ ಮೌನ ಇದಕ್ಕಿಂತ ಕಠಿಣ. ಈ ಸೀಮೆಯಲ್ಲಿ ಅದಕ್ಕೆ ಸಿಗುವ ಅತ್ಯಂತ ಹಳೆಯ ಉತ್ತರ ಬೌದ್ಧರದು. ಶಹಾಪುರದ ಗುಡ್ಡಸಾಲನ್ನು ರಸ್ತೆಯಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನೊಬ್ಬ ಕಾಣುತ್ತಾನೆ: ಹಣೆ, ಮೂಗು, ಗದ್ದ, ಎದೆ. ಜನ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಬುಡಕ್ಕೆ ಹೋಗಿ ನಿಂತರೆ ಮೂಗೂ ಇಲ್ಲ, ಗದ್ದವೂ ಇಲ್ಲ. ಬರೀ ಬಂಡೆ, ಗುಂಡುಗಲ್ಲು. ಗುಡ್ಡದ ಆಕಾರ ಪ್ರಕೃತಿಯದು, ಹೆಸರು ಜನರು ಇಟ್ಟದ್ದು. ಆದರೆ ಬುದ್ಧ ಈ ಸೀಮೆಗೆ ಹೊರಗಿನವನಲ್ಲ. ಭೀಮೆಯ ಆಚೆ ದಡದಲ್ಲಿ, ಕಲಬುರಗಿ ಜಿಲ್ಲೆಗೆ ಸೇರಿದ ಸನ್ನತಿ ಮತ್ತು ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ದೊಡ್ಡ ಸ್ತೂಪ ಇತ್ತು. 1990ರ ದಶಕದ ಉತ್ಖನನದಲ್ಲಿ ಹೊರಬಂದ ಅದರ ಶಿಲಾಫಲಕಗಳಲ್ಲಿ ಒಂದರ ಮೇಲೆ ಅಶೋಕನ ಉಬ್ಬುಚಿತ್ರವೂ, ಅವನು ರಾಜ ಅಶೋಕ ಎಂದು ಹೇಳುವ ಬರಹವೂ ಇದೆ. ಅಲ್ಲಿನ ಹಲವು ಫಲಕಗಳಲ್ಲಿ ಬುದ್ಧ ಮನುಷ್ಯರೂಪದಲ್ಲಿ ಇಲ್ಲ. ಖಾಲಿ ಪೀಠ, ಹೆಜ್ಜೆ ಗುರುತು, ಚಕ್ರ ಇವೇ ಅವನು. ಖಾಲಿ ಪೀಠದ ಎರಡೂ ಬದಿ ಜನ ಕೈಮುಗಿದು ನಿಂತಿದ್ದಾರೆ.

ಉತ್ತರ ಹೇಳದೆ ಬಿಟ್ಟ ಪ್ರಶ್ನೆಗಳನ್ನು ಬೌದ್ಧ ಗ್ರಂಥಗಳು ಅವ್ಯಾಕೃತ ಎಂದು ಕರೆದು ಲೆಕ್ಕ ಕೂಡ ಇಟ್ಟಿವೆ. ಪಾಲಿ ಸುತ್ತಗಳ ಪ್ರಕಾರ ಅವು ಹತ್ತು. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆ ಉಂಟೋ ಇಲ್ಲವೋ, ಜೀವ ಮತ್ತು ಶರೀರ ಒಂದೋ ಬೇರೆಯೋ, ಮುಕ್ತನಾದವನು ಸತ್ತ ಮೇಲೆ ಇರುತ್ತಾನೋ, ಇರುವುದಿಲ್ಲವೋ, ಇದ್ದೂ ಇಲ್ಲದವನೋ, ಎರಡೂ ಅಲ್ಲವೋ. ಇವಕ್ಕೆ ಉತ್ತರ ಸಿಗದಿದ್ದರೆ ಸಂಘ ಬಿಟ್ಟು ಹೋಗುತ್ತೇನೆ ಎಂದು ಮಾಲುಂಕ್ಯಪುತ್ತನೆಂಬ ಭಿಕ್ಷು ಪಟ್ಟು ಹಿಡಿದ. ಬುದ್ಧ ಅವನನ್ನು ಮೊದಲು ಕೇಳಿದ್ದು, ಇವನ್ನೆಲ್ಲ ಹೇಳಿಕೊಡುತ್ತೇನೆಂದು ನಾನು ಯಾವಾಗ ಮಾತು ಕೊಟ್ಟಿದ್ದೆ ಎಂದು. ಆಮೇಲೆ ವಿಷದ ಬಾಣ ನೆಟ್ಟವನ ಉಪಮೆ ಹೇಳಿದ. ಹೊಡೆದವನು ಯಾವ ವರ್ಣದವನು, ಯಾವ ಊರಿನವನು, ಎತ್ತರವೋ ಗಿಡ್ಡನೋ, ಬಿಲ್ಲಿನ ಹೆದೆ ಯಾವ ನಾರಿನದು, ಬಾಣಕ್ಕೆ ಕಟ್ಟಿದ ಗರಿ ಯಾವ ಹಕ್ಕಿಯದು ಎಂದು ತಿಳಿಯುವ ತನಕ ಬಾಣ ಕೀಳಲು ಬಿಡೆನು ಎಂದರೆ, ತಿಳಿಯುವ ಮೊದಲೇ ಅವನು ಸಾಯುತ್ತಾನೆ. ಇಲ್ಲಿ ಗ್ರಂಥದ ಮೌನ ಗ್ರಂಥದ ಕೊರತೆಯಲ್ಲ. ವೈದ್ಯ ಬೇಡದ ಮಾತು ಬಿಟ್ಟು ಗಾಯಕ್ಕೆ ಕೈಹಾಕಿದ ಹಾಗೆ. ನಂಬಿಕೆ ಎಂದರೂ ಇಲ್ಲಿ ಹೇಳದೆ ಬಿಟ್ಟದ್ದನ್ನು ಒಪ್ಪಿಕೊಳ್ಳುವುದಲ್ಲ, ಹೇಳಿದ ದಾರಿಯಲ್ಲಿ ನಡೆದು ನೋಡುವುದು.

ಉಪಮೆ ಗಟ್ಟಿಯಾದದ್ದೇ, ಆದರೆ ಎಲ್ಲ ಪ್ರಶ್ನೆಗೂ ಹೊಂದುವುದಿಲ್ಲ. ಲೋಕಕ್ಕೆ ಕೊನೆ ಉಂಟೇ ಎಂಬುದು ಹೊಟ್ಟೆ ತುಂಬಿದವರ ಕುತೂಹಲ ಇರಬಹುದು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವವರು ದೇವರೇ ನಮಗೇ ಯಾಕೆ ಎಂದು ಕೇಳಿದರೆ ಅದು ಕುತೂಹಲವಲ್ಲ. ಅಲ್ಲಿ ಪ್ರಶ್ನೆಯೇ ನೆಟ್ಟ ಬಾಣ.

ಈ ತರದ ಪ್ರಶ್ನೆಯನ್ನು ಎತ್ತಿ ನೇರವಾಗಿ ದೇವರ ಎದುರಿಗೆ ಇಟ್ಟವನು ಸುರಪುರ ಸೀಮೆಯ ಮುದನೂರಿನವನು. ಹನ್ನೊಂದನೆಯ ಶತಮಾನದ ಜೇಡರ ದಾಸಿಮಯ್ಯ ಬಟ್ಟೆ ನೇಯುವವನು, ಹೆಂಡತಿ ದುಗ್ಗಳೆ, ಅಂಕಿತ ರಾಮನಾಥ, ಅದು ಮುದನೂರಿನ ಗುಡಿಯ ದೇವರ ಹೆಸರು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ವಾದ ವಿದ್ವಾಂಸರಲ್ಲಿ ಇದೆ, ಅದು ಹಾಗಿರಲಿ. ಕಾಡಿನಲ್ಲಿ ಘೋರ ತಪಸ್ಸಿಗೆ ಕೂತವನನ್ನು ಶಿವನೇ ಎಬ್ಬಿಸಿ, ಮಗ್ಗಕ್ಕೆ ಮರಳು ಎಂದ ಎಂಬ ಕಥೆ ಅವನ ಬಗ್ಗೆ ಇದೆ. ಅವನ ಒಂದು ವಚನದ ವಾದ ಹೀಗಿದೆ: ಮೈ ಎಂಬುದು ಬಂದ ಮೇಲೆ ಹಸಿವೆ ಬರುತ್ತದೆ, ಹಸಿವೆಯ ಹಿಂದೆ ಸುಳ್ಳು ಬರುತ್ತದೆ, ಮೈ ಕೊಟ್ಟವನೇ ತಪ್ಪು ಎತ್ತಿ ಬಯ್ದರೆ ಹೇಗೆ? ಬಯ್ಯುವ ಮುಂಚೆ ದೇವರು ತಾನೂ ಒಮ್ಮೆ ಮನುಷ್ಯನ ಮೈ ಹೊತ್ತು ನೋಡಲಿ ಎಂಬುದು ಅವನ ಸವಾಲು.

ಈ ವಾದದಲ್ಲಿ ಗಮನಿಸಬೇಕಾದ್ದು ಮಾತಿನ ದಿಕ್ಕು. ಮನುಷ್ಯ ಯಾಕೆ ಹಸಿಯುತ್ತಾನೆ ಎಂಬುದಕ್ಕೆ ಕರ್ಮಸಿದ್ಧಾಂತದಲ್ಲಿ ಉತ್ತರ ಉಂಟು: ಹಿಂದಿನ ಜನ್ಮದ ಪಾಪ. ದಾಸಿಮಯ್ಯ ಇಲ್ಲಿ ಅದರ ಆಸರೆ ಹಿಡಿಯುವುದಿಲ್ಲ. ದೇವರಿಲ್ಲ ಎಂದೂ ಅನ್ನುವುದಿಲ್ಲ. ಕೇಳಬೇಕಾದವನನ್ನೇ ಕೇಳುತ್ತಾನೆ, ಅದೂ ಮನೆಯ ಹಿರಿಯನೊಬ್ಬನ ಜೊತೆ ಜಗಳ ತೆಗೆದ ಸಲಿಗೆಯಲ್ಲಿ. ವಚನ ಅಲ್ಲಿಗೆ ಮುಗಿಯುತ್ತದೆ. ರಾಮನಾಥ ಏನು ಹೇಳಿದ ಎಂಬುದು ಅದರಲ್ಲಿಲ್ಲ. ಸಂದೇಹ ಬಂದರೆ ನಂಬಿಕೆ ಹೋಯಿತು ಎನ್ನುವವರು ಈ ವಚನದ ಕೊನೆಯನ್ನು ನೋಡಬೇಕು. ದೂರು ಕೊಡುವ ಬಾಯಲ್ಲೇ ಅಂಕಿತ ಬರುತ್ತದೆ, ಯಾರ ಮೇಲೆ ದೂರೋ ಅವನ ಹೆಸರೇ ಸಹಿ. ಒಂದು ಶತಮಾನದ ನಂತರ ಕಲ್ಯಾಣದಲ್ಲಿ ಕೂಡಿದ ಶರಣರು ಓದಿದ ಶಾಸ್ತ್ರಕ್ಕಿಂತ ಕಂಡ ಅನುಭಾವವೇ ಪ್ರಮಾಣ ಎಂದಾಗ, ಈ ನೇಕಾರ ಹಾಕಿದ ಹಾಸಿನ ಮೇಲೆಯೇ ಅವರು ಹೊಕ್ಕು ಹಾಕಿದ್ದು. ಅವನನ್ನು ಆದ್ಯ ವಚನಕಾರ ಎಂದು ಕರೆಯುವುದೂ ಇದಕ್ಕೇ.

ಉಪನಿಷತ್ತಿನ ಗಾರ್ಗಿಗೆ ಇಷ್ಟು ಸಲಿಗೆ ಸಿಗಲಿಲ್ಲ. ಬೃಹದಾರಣ್ಯಕದಲ್ಲಿ ಅವಳು ಒಂದರ ಮೇಲೊಂದು ಲೋಕದ ಆಧಾರ ಕೇಳುತ್ತ ಬ್ರಹ್ಮಲೋಕಕ್ಕೆ ಮುಟ್ಟಿದಾಗ, ಇನ್ನು ಕೇಳಿದರೆ ತಲೆ ಉದುರೀತು ಎಂದು ಋಷಿ ಯಾಜ್ಞವಲ್ಕ್ಯ ತಡೆಯುತ್ತಾನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಎದ್ದು ಎರಡು ಪ್ರಶ್ನೆ ಕೇಳುತ್ತಾಳೆ. ಅಕ್ಷರ, ಎಂದರೆ ಅಳಿವಿಲ್ಲದ ತತ್ತ್ವದ ಬಗ್ಗೆ ಆ ಗ್ರಂಥದಲ್ಲಿರುವ ದೊಡ್ಡ ಮಾತು ಬರುವುದು ಆಗ. ಬೆದರಿಕೆಗೆ ಹೆದರಿ ಅವಳು ಕೂತುಬಿಟ್ಟಿದ್ದರೆ ಉಪನಿಷತ್ತಿನ ಆ ಭಾಗವೇ ಇರುತ್ತಿರಲಿಲ್ಲ.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಗ್ರಂಥ ಸುಮ್ಮನಿದ್ದಲ್ಲಿ ಏನು ಎಂಬ ಇದೇ ಪ್ರಶ್ನೆ ಬೇರೆ ಮುಖ ತೋರಿಸುತ್ತದೆ. ಅಲ್ಲಿ ಸೂಫಿ ಸಂತ ಚಂದಾ ಹುಸೇನಿಯ ದರ್ಗಾ ಇದೆ. ಅದರ ಆವರಣದಲ್ಲೇ ಬಿಜಾಪುರದ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರ ಗೋರಿಗಳಿವೆ. ಆ ಸುಲ್ತಾನರ ಪಂಥದ ಜಗಳ ತಿಳಿಯಬೇಕೆಂದರೆ ಗ್ರಂಥದಿಂದಲೇ ಶುರುಮಾಡಬೇಕು. ಕುರ್‌ಆನಿನ ಮೂರನೆಯ ಅಧ್ಯಾಯದ ಏಳನೆಯ ವಾಕ್ಯ ಈ ಗ್ರಂಥದಲ್ಲಿ ಎರಡು ಬಗೆಯ ವಾಕ್ಯಗಳಿವೆ ಎನ್ನುತ್ತದೆ: ಅರ್ಥ ನಿಚ್ಚಳವಾದವು, ಅರ್ಥ ಮಸುಕಾದವು. ಮಸುಕಾದವುಗಳ ನಿಜವಾದ ಅರ್ಥ ಯಾರಿಗೆ ಗೊತ್ತು ಎಂಬುದು ಓದುವವರು ಎಲ್ಲಿ ಉಸಿರು ನಿಲ್ಲಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಅಲ್ಲಾಹನ ಹೆಸರಿನ ಮುಂದೆ ನಿಲ್ಲಿಸಿದರೆ ಅದು ಅವನೊಬ್ಬನಿಗೇ ಗೊತ್ತು. ನಿಲ್ಲಿಸದೆ ಮುಂದುವರಿದರೆ ಜ್ಞಾನದಲ್ಲಿ ನೆಲೆನಿಂತವರಿಗೂ ಗೊತ್ತು. ಸುನ್ನಿ ವಿದ್ವಾಂಸರಲ್ಲಿ ಹೆಚ್ಚಿನವರು ಮೊದಲ ಓದನ್ನು ಹಿಡಿದರು. ಆ ನೆಲೆನಿಂತವರೇ ನಮ್ಮ ಇಮಾಮರು ಎಂದು ಶಿಯಾಗಳು ಎರಡನೆಯದನ್ನು ಹಿಡಿದರು. ಪ್ರವಾದಿಯ ನಂತರ ಯಾರು ಎಂಬುದಕ್ಕೂ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಉತ್ತರ ಇಲ್ಲ. ಇಡೀ ಒಡಕು ಬೆಳೆದದ್ದು ಆ ಜಾಗದಲ್ಲಿ.

ಬಿಜಾಪುರದಲ್ಲಿ ಆ ಖಾಲಿ ಜಾಗವನ್ನು ತುಂಬಿದ್ದು ಅರಮನೆ. ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾಹ ಹದಿನಾರನೆಯ ಶತಮಾನದ ಆರಂಭದಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಅದನ್ನು ತೆಗೆದು ಸುನ್ನಿ ಪಂಥಕ್ಕೆ ಮರಳಿದ. 1558ರಲ್ಲಿ ಅವನ ಮಗ ಅಲಿ ಬಂದು ಮತ್ತೆ ಶಿಯಾ ಎಂದ. ಮಸೀದಿಯಲ್ಲಿ ಓದುವ ಖುತ್ಬಾ ಪ್ರವಚನ ಮತ್ತೆ ಮತ್ತೆ ಬದಲಾಯಿತು. ಪ್ರಜೆಗಳ ನಂಬಿಕೆ ಅಷ್ಟೇ ಸಲೀಸಾಗಿ ಬದಲಾಯಿತೆಂದು ತಿಳಿಯಲು ಕಾರಣವಿಲ್ಲ. ಗೋಗಿಗೆ ಹೋದರೆ ಯೂಸುಫನೂ ಅಲ್ಲೇ ಮಣ್ಣಾಗಿದ್ದಾನೆ, ಇಬ್ರಾಹಿಮನೂ ಅಲ್ಲೇ, ಒಬ್ಬನೇ ಸಂತನ ನೆರಳಿನಲ್ಲಿ. ಪಂಥದ ಲೆಕ್ಕದಲ್ಲಿ ತಾತನೂ ಮೊಮ್ಮಗನೂ ಎದುರಾಳಿಗಳು. ದರ್ಗಾಕ್ಕೆ ಸಕ್ಕರೆ ಓದಿಸಲು ಬರುವವರು ಆ ಲೆಕ್ಕ ಕೇಳುವುದಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂದಾಗ ಅಲಾಯಿ ಕುಣಿ ತೋಡಿ, ಪೀರಲ ದೇವರನ್ನು ಹೊತ್ತು ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳೂ ಉಂಟು. ಕರ್ಬಲಾ ಕಾಳಗದಲ್ಲಿ ಯಾರ ಪಕ್ಷ ನ್ಯಾಯದ್ದು ಎಂಬುದು ಅವರಿಗೆ ಗೊತ್ತು, ಅದು ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲಿದೆ. ಪ್ರವಾದಿಯ ನಂತರ ಯಾರು ಎಂಬ ಖಿಲಾಫತ್ತಿನ ವಾದ ಅವರಿಗೆ ಬೇಕಾಗಿಲ್ಲ.

ಇಲ್ಲಿಯವರೆಗಿನ ಮೌನಗಳು ಗ್ರಂಥ ಬಿಟ್ಟ ಮೌನಗಳು. ಸುರಪುರ ಸೀಮೆಗೆ ಸೇರಿದ್ದ, ಈಗ ಹುಣಸಗಿ ತಾಲ್ಲೂಕಿನಲ್ಲಿರುವ ಕೊಡೇಕಲ್ಲಿನದು ಹಾಗಲ್ಲ. ಅಲ್ಲಿ ಗ್ರಂಥ ಬೇಕೆಂದೇ ಮುಚ್ಚಿಟ್ಟುಕೊಂಡಿದೆ. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ವಚನಗಳು ಮುಂದೆ ಬರುವ ಕಾಲವನ್ನು ಒಗಟಿನ ಮಾತಿನಲ್ಲಿ ಹೇಳುತ್ತವೆ. ಈ ಪರಂಪರೆಯ ಬರಹಗಳು ಅಮರಗನ್ನಡ ಎಂಬ ಸಂಕೇತ ಲಿಪಿಯಲ್ಲಿಯೂ ಇವೆ. ಕನ್ನಡ ಬಲ್ಲವರಿಗೂ ಹೇಳಿಕೊಟ್ಟವರಿಲ್ಲದೆ ಅವನ್ನು ಓದಲು ಬರುವುದಿಲ್ಲ. ಬಾಗಿಲಿಗೆ ಎರಡು ಬೀಗ ಹಾಕಿದ ಹಾಗೆ: ಲಿಪಿಯದೊಂದು, ಅರ್ಥದ್ದೊಂದು.

ಭಕ್ತರಿಗೆ ಇದರಿಂದ ಒಂದು ಧೈರ್ಯ ಸಿಗುತ್ತದೆ. ಬರ, ನೆರೆ, ಯುದ್ಧ ಏನು ಬಂದರೂ ಇದು ಮೊದಲೇ ಹೇಳಿದ್ದೇ, ಲೋಕ ಹಿಡಿತ ತಪ್ಪಿ ಹೋಗಿಲ್ಲ ಎಂಬ ಧೈರ್ಯ. ಪೀಡೆ ಬಂದ ಕಾಲದಲ್ಲಿ ಅದರ ಬೆಲೆಯನ್ನು ಕಡಿಮೆ ಎನ್ನಲಾಗದು. ಆದರೂ ನಂಬಿಕೆಗೆ ಆಧಾರವೆಂದು ನೋಡಿದರೆ ಇದು ದಾಸಿಮಯ್ಯನ ದೂರಿಗಿಂತ ಸಡಿಲವಾದದ್ದು. ಏನು ನಡೆದರೂ ಒಗಟನ್ನು ಅದಕ್ಕೆ ಹೊಂದಿಸಬಹುದಾದರೆ, ಒಗಟು ಯಾವತ್ತೂ ಸುಳ್ಳಾಗುವುದಿಲ್ಲ; ಸುಳ್ಳಾಗಲಾರದ ಮಾತು ಮುಂದಿನದನ್ನು ತಿಳಿಸಿತು ಎಂದೂ ಹೇಳಲಾಗದು. ಕಾಲಜ್ಞಾನದ ನಿಜವಾದ ಬಲ ಭವಿಷ್ಯದಲ್ಲಿಲ್ಲ. ಜಾತಿ, ಮತದ ಕಟ್ಟು ಕಳಚಿ ಎಲ್ಲರೂ ಒಂದಾಗುವ ಕಾಲವೊಂದು ಬಂದೇ ಬರುತ್ತದೆ ಎಂದು ಅದು ಸಾರುತ್ತದಲ್ಲ, ಆ ನಿರೀಕ್ಷೆಯಲ್ಲಿದೆ. ಕೊಡೇಕಲ್ಲಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವುದನ್ನು ನೋಡಿದರೆ, ಭಕ್ತರು ಅದನ್ನು ತಿಳಿದುಕೊಂಡದ್ದೂ ಹಾಗೆಯೇ ಎನ್ನಬೇಕು.

ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನವೇ ದೇವರ ಹೆಸರಾಗಿದೆ. ಸುರಪುರದ ಹತ್ತಿರದ ದೇವರಗೋನಾಲದಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಮೌನೇಶ್ವರನನ್ನು ಭಕ್ತರು ಮೋನಪ್ಪಯ್ಯ ಎನ್ನುತ್ತಾರೆ, ಮೌನುದ್ದೀನ್ ಎಂದೂ ಕರೆಯುತ್ತಾರೆ. ಜಾತ್ರೆಯ ಜಯಘೋಷದಲ್ಲಿ ಉರ್ದು ಮಾತಿನ ಪೀರರೂ ಹರಹರ ಮಹಾದೇವನೂ ಒಂದೇ ಉಸಿರಿನಲ್ಲಿ ಬರುತ್ತಾರೆ. ಈ ಸೀಮೆಯಲ್ಲಿ ಮೋನಪ್ಪ, ಮೌನೇಶ, ಮೋನಮ್ಮ ಎಂಬ ಹೆಸರಿನವರು ಇಲ್ಲದ ಊರು ಸಿಗುವುದು ಕಷ್ಟ. ಮೌನೇಶ್ವರ ಹೆಸರಿಗೆ ತಕ್ಕಂತೆ ಮಾತು ಬಿಟ್ಟವನಲ್ಲ, ವಚನ ಹಾಡಿದವನು.

ಅವನು ಶಿವನ ಅಂಶವೋ, ಅಲ್ಲಾಹನ ವಲಿಯೋ? ಆಗಮವನ್ನು ಕೇಳಿದರೂ ಷರೀಯತ್ತನ್ನು ಕೇಳಿದರೂ ಎರಡೂ ಒಟ್ಟಿಗೆ ಆಗಲಾರದು. ತಿಂಥಣಿಗೆ ನಡೆದುಕೊಳ್ಳುವವರು ಈ ತೊಡಕನ್ನು ಬಿಡಿಸಿದವರಲ್ಲ, ಬಿಡಿಸುವ ಗೋಜಿಗೆ ಹೋದವರೂ ಅಲ್ಲ. ತಿಳಿವಳಿಕೆ ಇಲ್ಲದ್ದಕ್ಕೆ ಹೀಗೆ ಎನ್ನುವವರುಂಟು. ಆದರೆ ಓದಿನ ತುದಿ ಕಂಡ ಪಂಡಿತನೂ ಇಂಥದೇ ಜಾಗದಲ್ಲಿ ಬಂದು ನಿಂತದ್ದುಂಟು. ಬ್ರಹ್ಮಸೂತ್ರಕ್ಕೆ ಬರೆದ ಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಶಂಕರರು ಒಂದು ಹಳೆಯ ಕಥೆ ತರುತ್ತಾರೆ. ಬ್ರಹ್ಮವನ್ನು ತಿಳಿಸು ಎಂದು ಶಿಷ್ಯ ಕೇಳಿದ, ಗುರು ಸುಮ್ಮನಿದ್ದ. ಎರಡನೆಯ ಸಲ, ಮೂರನೆಯ ಸಲ ಕೇಳಿದ. ಹೇಳುತ್ತಲೇ ಇದ್ದೇನೆ, ನಿನಗೆ ತಿಳಿಯುತ್ತಿಲ್ಲ ಎಂದ ಗುರು. ಇಮಾಮ್ ಮಾಲಿಕರನ್ನು ದೇವರು ಸಿಂಹಾಸನದ ಮೇಲೆ ಹೇಗೆ ನೆಲೆಗೊಂಡ ಎಂದು ಒಬ್ಬ ಕೇಳಿದಾಗ, ನೆಲೆಗೊಂಡದ್ದು ನಂಬತಕ್ಕದ್ದು, ಹೇಗೆ ಎಂಬುದು ಬುದ್ಧಿಗೆ ಎಟುಕದ್ದು, ಅದನ್ನು ಕೆದಕುವುದು ಸಲ್ಲದು ಎಂದರು. ಕೆದಕಬಾರದು ಎಂಬ ಮಾತು ದಾಸಿಮಯ್ಯನ ಊರಿಗೆ ಒಗ್ಗುವಂಥದಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದ ಶಿಸ್ತು ಅದರಲ್ಲಿದೆ, ಅದು ಎಲ್ಲ ಊರಿಗೂ ಒಗ್ಗುತ್ತದೆ.

ಭೀಮೆಯ ದಡದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಇದೆ. ಅದರ ಆವರಣದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದು ಬಿತ್ತು. ಅವಶೇಷ ತೆಗೆಯುವಾಗ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರ ಕಂಡವು. ಅದು ಅಶೋಕನ ಶಾಸನ. ಒಂದು ಮಗ್ಗುಲಿಗೆ ಅವನ ಬಂಡೆ ಶಾಸನಗಳಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು, ಇನ್ನೊಂದು ಮಗ್ಗುಲಿಗೆ ಎರಡು ಪ್ರತ್ಯೇಕ ಶಾಸನಗಳು, ಪ್ರಾಕೃತದಲ್ಲಿ. ವಿಗ್ರಹ ಕೂರಿಸಲು ಕಲ್ಲಿನಲ್ಲಿ ಚೌಕವಾಗಿ ತೂತು ಕೊರೆದಿದ್ದರು. ತೂತು ಬಿದ್ದ ಕಡೆಯ ಅಕ್ಷರಗಳು ಹೋಗಿವೆ. ಹನ್ನೆರಡನೆಯ ಶಾಸನದ ವಿಷಯ ಬೇರೆ ಬೇರೆ ಪಂಥದವರು ಒಬ್ಬರನ್ನೊಬ್ಬರು ಹೇಗೆ ಕಾಣಬೇಕು ಎಂಬುದು. ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಿ, ಕಾರಣವಿಲ್ಲದೆ ನಿಮ್ಮದನ್ನು ಹೊಗಳಿ ಇತರರದನ್ನು ಹಳಿಯಬೇಡಿ, ಪರರ ಧರ್ಮವನ್ನೂ ಕೇಳಿ ತಿಳಿಯಿರಿ ಎಂಬುದು ಅದರ ತಾತ್ಪರ್ಯ. ಕಾಳಿಗೆ ಹೂ, ಕುಂಕುಮ ಏರಿಸಿದ ಎಷ್ಟೋ ತಲೆಮಾರಿನವರಿಗೆ ದೇವಿಯ ಕೆಳಗೆ ಈ ಬರಹ ಇರುವುದು ತಿಳಿದಿರಲಿಲ್ಲ, ತಿಳಿದರೂ ಓದುವವರು ಇರಲಿಲ್ಲ. ಈಗ ಕಲ್ಲನ್ನು ಪೀಠದ ಜಾಗದಿಂದ ಬಿಡಿಸಿ, ಎರಡೂ ಮಗ್ಗುಲು ಓದಿ ಅಚ್ಚು ಮಾಡಿದ್ದಾರೆ. ಚಂದ್ರಲಾಂಬೆಗೆ ದಿನದ ಪೂಜೆ ಹಿಂದಿನಂತೆಯೇ ನಡೆದಿದೆ.